ಎರಡು ಕಾಂತೀಯ ಪರಮಾಣುಗಳನ್ನು ದಾಟುವ ಎಲೆಕ್ಟ್ರಾನ್: ಸ್ಪಿನ್ ಸಾಗಣೆಯನ್ನು ಕೈಯಾರೆ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿಗಳೊಂದಿಗೆ ಸ್ಪಿನ್ ಸಾಗಣೆಯ (ಎಲೆಕ್ಟ್ರಾನ್‌ಗಳು ಸ್ಪಿನ್ ಎಂಬ ತಮ್ಮ ಪುಟ್ಟ ಅಯಸ್ಕಾಂತದಂಥ ಗುಣವನ್ನು ಹೊತ್ತು ಹರಿಯುವುದರ) ವಿಷಯ ಎತ್ತಿದಾಗಲೆಲ್ಲ ನನಗೆ ಮೊದಲು ಕೇಳಿಬರುವ ಮಾತು, ‘ಸರ್, ಇದು ನಮ್ಮ ಊರಲ್ಲಿ ಆಗುವ ಕೆಲಸ ಅಲ್ಲ’ ಎಂಬುದು. ಅವರ ಹಿಂಜರಿಕೆಗೆ ಕಾರಣವಿದೆ. ಒಂಟಿ ಪರಮಾಣುವಿನ ಮೂಲಕ ಹರಿಯುವ ವಿದ್ಯುತ್ತನ್ನು ಸ್ಪಿನ್ ಸಹಿತವಾಗಿ ಅಳೆಯುವ ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕಕ್ಕೆ ದ್ರವ ಹೀಲಿಯಂ ಬೇಕು, ಅತ್ಯುನ್ನತ ನಿರ್ವಾತ ಬೇಕು, ಅಲುಗಾಟವೇ ಇಲ್ಲದ ನೆಲ ಬೇಕು. ಅವು ಜಿಲ್ಲಾ ಕಾಲೇಜಿನ ಪ್ರಯೋಗಾಲಯಕ್ಕೆ ಎಟುಕುವಂಥವಲ್ಲ. ಆದರೆ ಆ ಅಳತೆಗಳ ಹಿಂದಿರುವ ಭೌತಶಾಸ್ತ್ರದ ತಿರುಳು ಎರಡು ಅಡ್ಡಸಾಲು, ಎರಡು ಕಂಬಸಾಲಿನ ಒಂದು ಪುಟ್ಟ ಮಾತೃಕೆಯಲ್ಲಿ ಅಡಗಿದೆ. ಅದನ್ನು ಒಂದು ಭಾನುವಾರದಲ್ಲಿ ಕಾಗದದ ಮೇಲೆ ಬಿಡಿಸಿ, ಅಂದು ಸಂಜೆಯೇ ಹಳೆಯ ಲ್ಯಾಪ್‌ಟಾಪಿನಲ್ಲಿ ತಾಳೆ ನೋಡಬಹುದು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಒಂದು ಸೆಮಿಸ್ಟರ್ ಕ್ವಾಂಟಮ್ ಮೆಕ್ಯಾನಿಕ್ಸ್ ಓದಿದವರಿಗೆ ಇಷ್ಟು ಸಿದ್ಧತೆ ಸಾಕು: ಸಮ್ಮಿಶ್ರ ಸಂಖ್ಯೆಗಳ ಗುಣಾಕಾರ, ಮಾತೃಕೆಯ ವಿಲೋಮ, ಪೈಥಾನ್ ಭಾಷೆಯ ಮೊದಲ ಪರಿಚಯ.

ಇಲ್ಲಿ ಕೊಟ್ಟಿರುವ ಪ್ರತಿಯೊಂದು ಅಂಕಿಯೂ ಕೈಲೆಕ್ಕದಿಂದ ಬರುವಂಥದ್ದು. ದಯವಿಟ್ಟು ಯಾವುದನ್ನೂ ನಂಬಿ ಮುಂದೆ ಹೋಗಬೇಡಿ. ಬಿಡಿಸಿ ನೋಡಿ ಹೋಗಿ.

ಮೊದಲ ಹೆಜ್ಜೆ: ಎರಡು ಸ್ಪಿನ್‌ಗಳು ಬೇರೆಯಾಗುವುದು ಎಲ್ಲಿ ಎಂದು ತಿಳಿಯುವುದು

ಬೀದರಿನ ಬಿದರಿ ಹೂಜಿಗೆ ಅಯಸ್ಕಾಂತ ಹಿಡಿದು ನೋಡಿದರೆ ಅದು ಅಂಟುವುದಿಲ್ಲ. ಹೂಜಿಯ ಎರಕದಲ್ಲಿರುವುದು ಬಹುಪಾಲು ಸತು, ಸ್ವಲ್ಪ ತಾಮ್ರ. ಕೆತ್ತನೆಯಲ್ಲಿ ಕೂರಿಸಿದ್ದು ಬೆಳ್ಳಿ. ಈ ಮೂರೂ ಲೋಹಗಳಲ್ಲಿ ಡಿ-ಕಕ್ಷೆಗಳು ಪೂರ್ತಿ ತುಂಬಿರುವುದರಿಂದ ಮೇಲ್ಮುಖ ಸ್ಪಿನ್ನಿನ ಎಲೆಕ್ಟ್ರಾನ್‌ಗಳೂ ಕೆಳಮುಖ ಸ್ಪಿನ್ನಿನವೂ ಸಮನಾಗಿರುತ್ತವೆ, ಹಾಗಾಗಿ ಅವುಗಳಲ್ಲಿ ಹರಿಯುವ ವಿದ್ಯುತ್ತಿನಲ್ಲಿಯೂ ಎರಡು ಸ್ಪಿನ್‌ಗಳ ಪಾಲು ಒಂದೇ ಆಗಿರುತ್ತದೆ. ಅದೇ ಬೆಳ್ಳಿಯ ಬಿಡಿ ಪರಮಾಣುವಿನ ಕಥೆ ಬೇರೆ: ಅದರ ಹೊರಕವಚದಲ್ಲಿ ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್ ಇದೆ. 1922ರಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಬೆಳ್ಳಿಯ ಪರಮಾಣುಗಳ ಕಿರಣವನ್ನು ಏಕರೂಪವಲ್ಲದ ಕಾಂತಕ್ಷೇತ್ರದಲ್ಲಿ ಹಾಯಿಸಿದಾಗ ಅದು ಎರಡಾಗಿ ಸೀಳಿದ್ದು ಆ ಒಂದು ಎಲೆಕ್ಟ್ರಾನಿನ ಸ್ಪಿನ್ನಿನಿಂದ.

ಕಬ್ಬಿಣ, ಕೋಬಾಲ್ಟ್, ಮ್ಯಾಂಗನೀಸ್ ಪರಮಾಣುಗಳಲ್ಲಿ ಡಿ-ಕಕ್ಷೆ ಅರೆಬರೆ ತುಂಬಿರುತ್ತದೆ. ಎಲೆಕ್ಟ್ರಾನ್‌ಗಳ ನಡುವಿನ ವಿನಿಮಯ ಅಂತಃಕ್ರಿಯೆಯಿಂದಾಗಿ ಒಂದು ಸ್ಪಿನ್ನಿನ ಮಟ್ಟ ಕೆಳಗಿಳಿದು ಇನ್ನೊಂದರ ಮಟ್ಟ ಮೇಲೇರುತ್ತದೆ. ಈ ಎರಡರ ನಡುವಿನ ದೂರವನ್ನು ವಿನಿಮಯ ಅಂತರ ಎಂದು ಕರೆಯೋಣ. ಕಬ್ಬಿಣದಲ್ಲಿ ಅದು ಸುಮಾರು 2 ಎಲೆಕ್ಟ್ರಾನ್ ವೋಲ್ಟ್. ಅಂದರೆ ಅಂಥ ಪರಮಾಣುವನ್ನು ದಾಟಲು ಬರುವ ಎಲೆಕ್ಟ್ರಾನಿನ ಮುಂದಿರುವ ದಿಬ್ಬದ ಎತ್ತರ ಅದರ ಸ್ಪಿನ್ ನೋಡಿ ಬದಲಾಗುತ್ತದೆ. ಮುಂದಿನದೆಲ್ಲ ಈ ಒಂದು ವಾಕ್ಯದ ಲೆಕ್ಕ.

ಎರಡನೆಯ ಹೆಜ್ಜೆ: ರೋಧವನ್ನು ಮರೆತು ದಾಟುವ ಸಂಭವವನ್ನು ಹಿಡಿಯುವುದು

ಮನೆಯ ತಂತಿಯ ರೋಧ ಅದರ ಉದ್ದಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂದು ಪಿಯುಸಿಯಲ್ಲಿ ಕಲಿತಿದ್ದೇವೆ. ಎಲೆಕ್ಟ್ರಾನ್ ದಾರಿಯಲ್ಲಿ ಎಲ್ಲಿಯೂ ಡಿಕ್ಕಿ ಹೊಡೆಯದೆ, ತನ್ನ ತರಂಗದ ಲಯ ಕಳೆದುಕೊಳ್ಳದೆ ಒಂದೆರಡು ಪರಮಾಣುಗಳನ್ನು ದಾಟುವಾಗ ಆ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಬಳಸಬೇಕಾದ ನೋಟವನ್ನು ರಾಲ್ಫ್ ಲ್ಯಾಂಡೌವರ್ 1957ರಲ್ಲಿ ಕೊಟ್ಟರು: ವಾಹಕತೆ ಎಂದರೆ, ಒಂದು ತುದಿಯಿಂದ ಹೊರಟ ಎಲೆಕ್ಟ್ರಾನ್ ತರಂಗ ಇನ್ನೊಂದು ತುದಿಯನ್ನು ತಲುಪುವ ಸಂಭವ. ಒಂದು ಸ್ಪಿನ್ನಿನ ಒಂದು ಕಾಲುವೆ ಪೂರ್ತಿ ತೆರೆದಿದ್ದರೆ ಅದರ ರೋಧ ಸುಮಾರು 25.8 ಕಿಲೋಓಮ್, ಎರಡೂ ಸ್ಪಿನ್‌ಗಳು ಅಡ್ಡಿಯಿಲ್ಲದೆ ದಾಟಿದರೆ 12.9 ಕಿಲೋಓಮ್. ಚಿನ್ನದ ತಂತಿಯನ್ನು ಎಳೆದು ಎಳೆದು ಕೊನೆಗೆ ಒಂದೇ ಪರಮಾಣುವಿನ ಕೊಂಡಿ ಉಳಿಯುವಂತೆ ಮಾಡಿದಾಗ ಪ್ರಯೋಗದಲ್ಲಿ ಸಿಗುವುದು ಹೆಚ್ಚುಕಡಿಮೆ ಇದೇ 12.9 ಕಿಲೋಓಮ್.

ನಮ್ಮ ಲೆಕ್ಕದಲ್ಲಿ ‘ಟಿ’ ಎಂದರೆ ಒಂದು ಸ್ಪಿನ್ನಿನ ದಾಟುವ ಸಂಭವ. ಎರಡು ಸ್ಪಿನ್‌ಗಳ ಟಿ ಕೂಡಿಸಿ, ಬಂದ ಮೊತ್ತದಿಂದ 25.8 ಕಿಲೋಓಮ್ ಅನ್ನು ಭಾಗಿಸಿದರೆ ರೋಧ ಸಿಗುತ್ತದೆ.

ಮೂರನೆಯ ಹೆಜ್ಜೆ: ಮಾದರಿಯನ್ನು ಕಟ್ಟುವುದು

ಎಡಕ್ಕೂ ಬಲಕ್ಕೂ ಕೊನೆಯಿಲ್ಲದೆ ಸಾಗುವ ಪರಮಾಣುಗಳ ಒಂದು ಸರಪಳಿಯನ್ನು ಕಲ್ಪಿಸಿಕೊಳ್ಳಿ. ಪ್ರತಿ ಪರಮಾಣುವಿನಲ್ಲಿ ಒಂದೇ ಕಕ್ಷೆ. ಅದರ ಸ್ಥಾನಶಕ್ತಿ (ಆ ಕಕ್ಷೆಯಲ್ಲಿ ಕೂತ ಎಲೆಕ್ಟ್ರಾನಿನ ಶಕ್ತಿ) 0. ಪಕ್ಕದ ಪರಮಾಣುವಿಗೆ ಜಿಗಿಯುವ ಬಲ 1 ಎಲೆಕ್ಟ್ರಾನ್ ವೋಲ್ಟ್. ಶಕ್ತಿಯನ್ನು ಇನ್ನು ಮುಂದೆ ಇದೇ ಘಟಕದಲ್ಲಿ ಅಳೆಯೋಣ. ಈ ಸರಪಳಿಯಲ್ಲಿ −2ರಿಂದ +2ರವರೆಗಿನ ಶಕ್ತಿಯ ಎಲೆಕ್ಟ್ರಾನ್‌ಗಳಿಗೆ ಮಾತ್ರ ಸಂಚಾರವಿದೆ. ಮೊದಲಿಗೆ ಈ ಶಕ್ತಿಗಳ ಪಟ್ಟಿಯ ನಟ್ಟನಡುವಿನ ಶಕ್ತಿ, ಅಂದರೆ 0 ಶಕ್ತಿಯ ಎಲೆಕ್ಟ್ರಾನನ್ನು ಮಾತ್ರ ನೋಡೋಣ.

ಸರಪಳಿಯ ನಡುವೆ ಒಂದು ಕಾಂತೀಯ ಪರಮಾಣುವನ್ನು ಇಡಿ. ಅದರ ಸರಾಸರಿ ಸ್ಥಾನಶಕ್ತಿ 1, ವಿನಿಮಯ ಅಂತರ 2 ಎಂದುಕೊಳ್ಳಿ. ಆಗ ಮೇಲ್ಮುಖ ಸ್ಪಿನ್ನಿಗೆ ಆ ಪರಮಾಣುವಿನ ಸ್ಥಾನಶಕ್ತಿ 0, ಕೆಳಮುಖ ಸ್ಪಿನ್ನಿಗೆ 2. ಈ ಅಂಕಿಗಳನ್ನು ನಾನು ಕೈಲೆಕ್ಕ ಸಲೀಸಾಗಲೆಂದು ಆರಿಸಿದ್ದೇನೆ. ನಿಜವಾದ ಯಾವ ಪರಮಾಣುವಿನ ವಿವರವೂ ಇದಲ್ಲ. ನಿಜವಾದ ಕಬ್ಬಿಣದಲ್ಲಿ ಐದು ಡಿ-ಕಕ್ಷೆಗಳೂ ಒಂದು ಎಸ್-ಕಕ್ಷೆಯೂ ಸೇರಿ ಸಾಗಣೆಯಲ್ಲಿ ಪಾಲ್ಗೊಳ್ಳುತ್ತವೆ.

ನಾಲ್ಕನೆಯ ಹೆಜ್ಜೆ: ಕೊನೆಯಿಲ್ಲದ ತಂತಿಯನ್ನು ಒಂದು ಸಂಖ್ಯೆಗೆ ಇಳಿಸುವುದು

ಹೊಸಬರು ಎಡವುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ನಿಧಾನಿಸೋಣ. ಕೊನೆಯಿಲ್ಲದ ಸರಪಳಿಯ ಮಾತೃಕೆಗೂ ಕೊನೆಯಿಲ್ಲ. ಅದನ್ನು ಕಂಪ್ಯೂಟರಿಗೆ ಉಣಿಸಲಾಗದು. ಆದರೆ ಎಡಗಡೆಯ ಅರೆ-ಅನಂತ ತಂತಿಯಿಂದ ತುದಿಯ ಒಂದು ಪರಮಾಣುವನ್ನು ತೆಗೆದರೆ ಉಳಿಯುವುದು ಮತ್ತೆ ಅಂಥದೇ ಅರೆ-ಅನಂತ ತಂತಿ. ಎಲೆಕ್ಟ್ರಾನ್ ತರಂಗ ಒಂದು ಪರಮಾಣುವಿನಿಂದ ಹೊರಟು ಇನ್ನೊಂದನ್ನು (ಅಥವಾ ಅದನ್ನೇ) ಎಷ್ಟು ಪ್ರಮಾಣದಲ್ಲಿ ತಲುಪುತ್ತದೆ ಎಂದು ಹೇಳುವುದು ಗ್ರೀನ್ ಫಲನ. ಈ ಸ್ವಸಾಮ್ಯದಿಂದಾಗಿ ತುದಿಯ ಗ್ರೀನ್ ಫಲನ ‘ಗ’ ಎಂಬುದು ಗ = 1 ÷ (ಇ − ಗ) ಎಂಬ ಸಮೀಕರಣಕ್ಕೆ ಒಳಪಡುತ್ತದೆ; ಇಲ್ಲಿ ‘ಇ’ ಎಂದರೆ ಎಲೆಕ್ಟ್ರಾನಿನ ಶಕ್ತಿ. ಇದು ಹೈಸ್ಕೂಲಿನ ವರ್ಗ ಸಮೀಕರಣ. ಅದರ ಎರಡು ಮೂಲಗಳಲ್ಲಿ ಊಹಾಭಾಗ ಋಣಾತ್ಮಕವಾಗಿರುವುದನ್ನು ಆರಿಸಬೇಕು, ಏಕೆಂದರೆ ಎಲೆಕ್ಟ್ರಾನ್ ತಂತಿಯೊಳಗೆ ಹೊರಟುಹೋಗುವುದನ್ನು ಸೂಚಿಸುವುದು ಅದೇ ಮೂಲ. ತಂತಿ ಪಕ್ಕದ ಪರಮಾಣುವಿನ ಮೇಲೆ ಬೀರುವ ಒಟ್ಟು ಪ್ರಭಾವವನ್ನು ಸೆಲ್ಫ್-ಎನರ್ಜಿ ಎನ್ನುತ್ತಾರೆ; ಜಿಗಿತದ ಬಲ 1 ಇರುವುದರಿಂದ ಅದು ‘ಗ’ಕ್ಕೇ ಸಮ, ಅಂದರೆ (ಇ − ಐ√(4 − ಇ²)) ÷ 2. ಇಲ್ಲಿ ‘ಐ’ ಎಂಬುದು −1ರ ವರ್ಗಮೂಲ. ಶಕ್ತಿ 0 ಇರುವಾಗ ಇದರ ಬೆಲೆ ಬರೀ −ಐ. ಇಡೀ ತಂತಿ, ಅದರ ಎಣಿಕೆಗೆ ಸಿಗದಷ್ಟು ಪರಮಾಣುಗಳ ಸಹಿತ, ಈ ಒಂದು ಸಂಖ್ಯೆಯಲ್ಲಿ ಅಡಕವಾಗುವುದು ನನಗೆ ಇಂದಿಗೂ ಬೆರಗಿನ ಸಂಗತಿ.

ತಂತಿ ಮತ್ತು ಪರಮಾಣುವಿನ ನಡುವಿನ ಸೋರಿಕೆಯ ಪ್ರಮಾಣವನ್ನು ಗಾಮಾ ಎನ್ನುತ್ತಾರೆ. ಅದು √(4 − ಇ²), ಅಂದರೆ ಇಲ್ಲಿ 2. ಸೂತ್ರ ಹೀಗಿದೆ: ಎಡ ಗಾಮಾ, ಬಲ ಗಾಮಾ, ಮತ್ತು ಮೊದಲ ಪರಮಾಣುವಿನಿಂದ ಕೊನೆಯ ಪರಮಾಣುವಿಗೆ ಹೋಗುವ ಗ್ರೀನ್ ಫಲನದ ಪರಿಮಾಣದ ವರ್ಗ, ಈ ಮೂರರ ಗುಣಲಬ್ಧವೇ ಟಿ. ಸ್ಥಾನಶಕ್ತಿ ‘ಅ’ ಇರುವ ಒಂಟಿ ಪರಮಾಣುವಿಗೆ, ಶಕ್ತಿ 0ಯಿಂದ ಅ ಮತ್ತು ಎರಡೂ ತಂತಿಗಳ ಸೆಲ್ಫ್-ಎನರ್ಜಿ ಕಳೆದರೆ, ಗ್ರೀನ್ ಫಲನ 1 ÷ (−ಅ + 2ಐ) ಆಗುವುದರಿಂದ ಟಿ = 4 ÷ (4 + ಅ²).

ಮೇಲ್ಮುಖ ಸ್ಪಿನ್ನಿಗೆ ಅ = 0, ಆದ್ದರಿಂದ ಟಿ = 1. ಕೆಳಮುಖ ಸ್ಪಿನ್ನಿಗೆ ಅ = 2, ಆದ್ದರಿಂದ ಟಿ = 0.5. ಒಟ್ಟು 1.5, ರೋಧ ಸುಮಾರು 17.2 ಕಿಲೋಓಮ್, ಹೊರಬರುವ ವಿದ್ಯುತ್ತಿನ ಸ್ಪಿನ್ ಧ್ರುವೀಕರಣ (ಎರಡು ಸ್ಪಿನ್‌ಗಳ ಟಿ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದ್ದು) 0.5 ÷ 1.5, ಅಂದರೆ ಶೇ. 33. ಒಂದೇ ಒಂದು ಪರಮಾಣು ಸ್ಪಿನ್‌ಗಳನ್ನು ಸೋಸುತ್ತಿದೆ.

ಈಗ ಸರಾಸರಿ ಸ್ಥಾನಶಕ್ತಿಯನ್ನು 1ರ ಬದಲು 0 ಮಾಡಿ, ಅಂತರವನ್ನು ಹಾಗೆಯೇ 2 ಇಟ್ಟು ಮತ್ತೆ ಲೆಕ್ಕ ಹಾಕಿ. ಎರಡು ಸ್ಪಿನ್‌ಗಳ ಸ್ಥಾನಶಕ್ತಿ −1 ಮತ್ತು +1; ಎರಡಕ್ಕೂ ಟಿ = 0.8, ಧ್ರುವೀಕರಣ ಸೊನ್ನೆ. ಪರಮಾಣು ಮೊದಲಿನಷ್ಟೇ ಕಾಂತೀಯ, ಆದರೂ ಸೋಸುವ ಗುಣ ಮಾಯವಾಗಿದೆ, ಏಕೆಂದರೆ ಈ ಮಾದರಿಯಲ್ಲಿ ತಗ್ಗೂ ದಿಬ್ಬವೂ ಎಲೆಕ್ಟ್ರಾನನ್ನು ಸಮನಾಗಿ ಹಿಂದಟ್ಟುತ್ತವೆ. ಕಾಂತತ್ವ ಇದ್ದಮೇಲೆ ಸ್ಪಿನ್ ವಿದ್ಯುತ್ ಇದ್ದೇ ಇರುತ್ತದೆ ಎಂಬ ತಪ್ಪು ತಿಳಿವಳಿಕೆ ಬಹಳ ಮಂದಿಯಲ್ಲಿದೆ. ಈ ಎರಡು ಸಾಲಿನ ಲೆಕ್ಕ ಅದನ್ನು ತಿದ್ದುತ್ತದೆ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಯಾದಗಿರಿಯಿಂದ ಬರುತ್ತಿದ್ದ ನನ್ನ ಒಬ್ಬ ವಿದ್ಯಾರ್ಥಿ ಬಲಗಡೆಯ ಸೆಲ್ಫ್-ಎನರ್ಜಿಯ ಚಿಹ್ನೆಯನ್ನು ತಪ್ಪಿ +ಐ ಎಂದು ಬರೆದಿದ್ದ. ಗಾಮಾವನ್ನು ಮಾತ್ರ ನೇರವಾಗಿ 2 ಎಂದು ಟೈಪ್ ಮಾಡಿದ್ದ. ಅ = 2 ಇಟ್ಟು ನೋಡಿದಾಗ ಅವನಿಗೆ ಟಿ = 1 ಬಂತು. 1 ಎಂಬುದು ನೋಡಲು ಸಭ್ಯವಾದ ಉತ್ತರ, ಆದ್ದರಿಂದ ಅವನು ಅದನ್ನು ನಂಬಿ ಎರಡು ವಾರ ಮುಂದುವರಿದ. ಅ = 1 ಇಟ್ಟಿದ್ದರೆ ಅವನ ಪ್ರೋಗ್ರಾಂ 4 ಎಂದು ಹೇಳುತ್ತಿತ್ತು; ಅ = 0 ಇಟ್ಟಿದ್ದರೆ ಸೊನ್ನೆಯಿಂದ ಭಾಗಿಸಲಾಗದೆ ನಿಂತೇಬಿಡುತ್ತಿತ್ತು. ಆದ್ದರಿಂದ ಯಾವ ಪ್ರೋಗ್ರಾಂ ಬರೆದರೂ ಮೊದಲು ಅಡ್ಡಿಯೇ ಇಲ್ಲದ ಸರಪಳಿಯನ್ನು ಕೊಟ್ಟು, −2 ಮತ್ತು +2ರ ನಡುವಿನ ಎಲ್ಲ ಶಕ್ತಿಗಳಲ್ಲೂ ಟಿ ಕರಾರುವಾಕ್ಕಾಗಿ 1 ಬರುತ್ತದೆಯೇ ಎಂದು ನೋಡಿ. ಜೊತೆಗೆ ಗಾಮಾವನ್ನು ಕೈಯಿಂದ ಟೈಪ್ ಮಾಡದೆ ಸೆಲ್ಫ್-ಎನರ್ಜಿಯ ಊಹಾಭಾಗದಿಂದಲೇ ಪ್ರೋಗ್ರಾಂ ಪಡೆಯುವಂತೆ ಮಾಡಿ. ಆಗ ಚಿಹ್ನೆ ತಪ್ಪಿದರೆ ಟಿ ಋಣಾತ್ಮಕವಾಗಿ ಬಂದು ದೋಷ ತಾನಾಗಿ ಬಯಲಾಗುತ್ತದೆ.

ಐದನೆಯ ಹೆಜ್ಜೆ: ಎರಡು ಪರಮಾಣುಗಳು, ಎರಡು ಜೋಡಣೆಗಳು

ಅಕ್ಕಪಕ್ಕದಲ್ಲಿ ಎರಡು ಕಾಂತೀಯ ಪರಮಾಣುಗಳನ್ನು ಇಡಿ. ಅವುಗಳ ಸ್ಥಾನಶಕ್ತಿ ‘ಅ’ ಮತ್ತು ‘ಆ’, ಅವುಗಳ ನಡುವಿನ ಜಿಗಿತದ ಬಲ ‘ಜ’ ಆಗಿರಲಿ. ಈಗ ಗ್ರೀನ್ ಫಲನವೆಂದರೆ ಒಂದು 2 × 2 ಮಾತೃಕೆಯ ವಿಲೋಮ. ಆ ಮಾತೃಕೆಯ ಕರ್ಣದಲ್ಲಿ −ಅ + ಐ ಮತ್ತು −ಆ + ಐ, ಉಳಿದೆರಡು ಜಾಗಗಳಲ್ಲಿ ಜ. ವಿಲೋಮದ ಮೇಲ್ಬಲ ಮೂಲೆಯ ಅಂಶವನ್ನು ತೆಗೆದು ಸೂತ್ರದಲ್ಲಿ ಹಾಕಿದರೆ ಹೀಗೆ ಬರುತ್ತದೆ:

ಟಿ = 4ಜ² ÷ [(ಅ×ಆ − 1 − ಜ²)² + (ಅ + ಆ)²]

ಮೊದಲು ಜ = 1 ಇರಲಿ. ಎರಡೂ ಪರಮಾಣುಗಳ ಕಾಂತತ್ವ ಒಂದೇ ದಿಕ್ಕಿಗಿದ್ದರೆ ಮೇಲ್ಮುಖ ಸ್ಪಿನ್ನಿಗೆ (0, 0), ಟಿ = 1; ಕೆಳಮುಖ ಸ್ಪಿನ್ನಿಗೆ (2, 2), ಟಿ = 4 ÷ 20 = 0.2. ಒಟ್ಟು 1.2. ಒಂದರ ಕಾಂತತ್ವವನ್ನು ತಿರುಗಿಸಿ ಎದುರುಬದುರು ಮಾಡಿದರೆ ಪ್ರತಿ ಸ್ಪಿನ್ನಿಗೂ ಒಂದು ಸುಗಮ ಪರಮಾಣು, ಒಂದು ದುರ್ಗಮ ಪರಮಾಣು; ಎರಡಕ್ಕೂ ಟಿ = 4 ÷ 8 = 0.5, ಒಟ್ಟು 1.0. ಕಾಂತರೋಧದ ಪ್ರಮಾಣ, ಅಂದರೆ ಎರಡರ ವ್ಯತ್ಯಾಸವನ್ನು ಎದುರುಬದುರು ಜೋಡಣೆಯ ವಾಹಕತೆಯಿಂದ ಭಾಗಿಸಿದ್ದು, ಶೇ. 20. ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ 1988ರಲ್ಲಿ ಕಬ್ಬಿಣ ಹಾಗೂ ಕ್ರೋಮಿಯಂ ಪದರಗಳಲ್ಲಿ ಕಂಡು, 2007ರಲ್ಲಿ ನೊಬೆಲ್ ಪಡೆದ ದೈತ್ಯ ಕಾಂತರೋಧದ ಹಿಂದಿರುವ ತರ್ಕವೂ ಇದೇ ಬಗೆಯದು. ಅಲ್ಲಿ ಪದರಗಳು, ಇಲ್ಲಿ ಬಿಡಿ ಪರಮಾಣುಗಳು.

ಆರನೆಯ ಹೆಜ್ಜೆ: ಕೊಂಡಿಯನ್ನು ಸಡಿಲಿಸುವುದು

ಸೂಕ್ಷ್ಮದರ್ಶಕದ ಮೊನೆ ಪರಮಾಣುವನ್ನು ಮುಟ್ಟುವುದಿಲ್ಲ. ನಡುವೆ ನಿರ್ವಾತವಿದ್ದು, ಎಲೆಕ್ಟ್ರಾನ್ ಸುರಂಗ ಹಾದಂತೆ ದಾಟುತ್ತದೆ. ನಮ್ಮ ಮಾದರಿಯಲ್ಲಿ ಇದಕ್ಕೆ ಜ ಚಿಕ್ಕದಾದರೆ ಆಯಿತು. ಜ = 0.1 ಇಟ್ಟು ಅದೇ ಸೂತ್ರವನ್ನು ಬಿಡಿಸಿದರೆ ಒಂದೇ ದಿಕ್ಕಿನ ಜೋಡಣೆಗೆ ಒಟ್ಟು ಟಿ 0.0408, ಎದುರುಬದುರು ಜೋಡಣೆಗೆ 0.0159. ವಿದ್ಯುತ್ ಬಹಳ ಇಳಿದಿದೆ, ಆದರೆ ಕಾಂತರೋಧ ಶೇ. 20ರಿಂದ ಶೇ. 156ಕ್ಕೆ ಜಿಗಿದಿದೆ.

ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ? 1975ರಲ್ಲಿ ಮಿಶೆಲ್ ಜೂಲಿಯರ್ ಕಬ್ಬಿಣ ಮತ್ತು ಕೋಬಾಲ್ಟ್ ನಡುವೆ ಜರ್ಮೇನಿಯಂ ಪದರವಿಟ್ಟು 4.2 ಕೆಲ್ವಿನ್‌ನಲ್ಲಿ ಸುಮಾರು ಶೇ. 14 ಕಾಂತರೋಧ ಅಳೆದು, ಅದಕ್ಕೊಂದು ಸರಳ ನಿಯಮ ಕೊಟ್ಟರು: ಎರಡು ಬದಿಗಳ ಧ್ರುವೀಕರಣಗಳ ಗುಣಲಬ್ಧವನ್ನು ಇಮ್ಮಡಿಸಿ, ಅದನ್ನು 1ರಿಂದ ಅದೇ ಗುಣಲಬ್ಧ ಕಳೆದ ಮೊತ್ತದಿಂದ ಭಾಗಿಸಿ. ಕೊಂಡಿ ಪೂರ್ತಿ ಸಡಿಲವಾದಾಗ ನಮ್ಮ ಪರಮಾಣುವಿನ ಸ್ಥಿತಿ ಸಾಂದ್ರತೆ (ಆ ಶಕ್ತಿಯಲ್ಲಿ ಎಲೆಕ್ಟ್ರಾನಿಗೆ ಸಿಗುವ ಸ್ಥಿತಿಗಳ ಪ್ರಮಾಣ) ಎರಡು ಸ್ಪಿನ್‌ಗಳಿಗೆ 1 ಮತ್ತು 1/5ರ ಅನುಪಾತದಲ್ಲಿರುತ್ತದೆ, ಹಾಗಾಗಿ ಧ್ರುವೀಕರಣ 2/3. ಜೂಲಿಯರ್ ನಿಯಮದಲ್ಲಿ ಹಾಕಿದರೆ (8/9) ÷ (5/9), ಅಂದರೆ ಶೇ. 160. ನಮ್ಮ ಶೇ. 156 ಅದರ ಹತ್ತಿರ ಬಂದು ನಿಂತಿದೆ, ಜ ಇನ್ನೂ ಇಳಿದಂತೆ ಅದನ್ನೇ ಸೇರುತ್ತದೆ. ಆದರೆ ಜ = 1 ಇದ್ದಾಗ ಅದೇ ನಿಯಮವನ್ನು ಅನ್ವಯಿಸಿದ್ದರೆ ಎಂಟು ಪಟ್ಟು ತಪ್ಪುತ್ತಿದ್ದೆವು. ಪರಮಾಣುಗಳು ಗಟ್ಟಿಯಾಗಿ ಬೆಸೆದಿದ್ದಾಗ ಎಲೆಕ್ಟ್ರಾನ್ ತರಂಗ ಅವುಗಳ ನಡುವೆ ಹಿಂದೆ ಮುಂದೆ ಪ್ರತಿಫಲಿಸಿ, ಒಂದೊಂದರ ಗುಣವನ್ನು ಬಿಡಿಯಾಗಿ ಗುಣಿಸುವ ಲೆಕ್ಕವನ್ನು ಕೆಡಿಸುತ್ತದೆ. ಲೇಖನಗಳಲ್ಲಿ ಜೂಲಿಯರ್ ನಿಯಮ ಕಂಡಾಗ ಕೊಂಡಿ ಎಷ್ಟು ಸಡಿಲ ಎಂದು ಮೊದಲು ಕೇಳುವುದನ್ನು ರೂಢಿ ಮಾಡಿಕೊಳ್ಳಿ.

ಏಳನೆಯ ಹೆಜ್ಜೆ: ಕೋನ

ಎರಡನೆಯ ಪರಮಾಣುವಿನ ಕಾಂತತ್ವ ಓರೆಯಾಗಿದ್ದರೆ ಎರಡು ಸ್ಪಿನ್‌ಗಳು ಒಂದರೊಳಗೊಂದು ಬೆರೆಯುತ್ತವೆ, ಮಾತೃಕೆ 4 × 4 ಆಗುತ್ತದೆ. ಅದರ ಸ್ಥಾನಶಕ್ತಿಯ ಜಾಗದಲ್ಲಿ ಈಗ ಒಂದು ಪುಟ್ಟ 2 × 2 ಮಾತೃಕೆ ಕೂರುತ್ತದೆ: ಕರ್ಣದಲ್ಲಿ 1 − ಕ ಮತ್ತು 1 + ಕ, ಉಳಿದೆರಡು ಕಡೆ −ಸ, ಇಲ್ಲಿ ಕ ಮತ್ತು ಸ ಎಂದರೆ ಕೋನದ ಕೊಸೈನ್ ಮತ್ತು ಸೈನ್. ಜ = 1 ಇಟ್ಟು ತಾಳ್ಮೆಯಿಂದ ಬಿಡಿಸಿದರೆ ಒಟ್ಟು ಟಿ = (20 + 4ಕ) ÷ (16 + (1 + ಕ)²) ಎಂದು ಬರುತ್ತದೆ. ಕೋನ 0 ಮತ್ತು 180 ಡಿಗ್ರಿಯಲ್ಲಿ ಹಿಂದಿನ 1.2 ಮತ್ತು 1.0 ಮರಳಿ ಸಿಗುತ್ತವೆ.

90 ಡಿಗ್ರಿಯಲ್ಲಿ ಸಿಗುವುದು 1.176. ಸುರಂಗ ವಿದ್ಯುತ್ತಿಗೆ ಅನ್ವಯಿಸುವ ಕೊಸೈನ್ ನಿಯಮ (ವಾಹಕತೆ ಕೋನದ ಕೊಸೈನ್‌ಗೆ ತಕ್ಕಂತೆ ನೇರವಾಗಿ ಏರಿಳಿಯುತ್ತದೆ ಎಂಬುದು) ಇಲ್ಲಿ ನಡೆಯುವಂತಿದ್ದರೆ ಅದು ಸರಾಸರಿ 1.1 ಆಗಬೇಕಿತ್ತು. 60 ಡಿಗ್ರಿಯಲ್ಲಿ 1.205, ಅಂದರೆ ಪೂರ್ತಿ ಒಂದೇ ದಿಕ್ಕಿಗಿದ್ದಾಗಿಗಿಂತ ಕೂದಲೆಳೆಯಷ್ಟು ಹೆಚ್ಚು. ನನ್ನ ಮಟ್ಟಿಗೆ ಇಡೀ ಲೆಕ್ಕದ ಅತ್ಯಂತ ಸೊಗಸಾದ ಭಾಗ ಇದು.

ಪೈಥಾನ್‌ನಲ್ಲಿ ಇದನ್ನು ಬರೆಯುವವರು ಎರಡು ವಿಷಯ ನೆನಪಿಡಬೇಕು. ಮಾತೃಕೆ ಲೆಕ್ಕಗಳಿಗೆ ಬಳಸುವ ನಂಪೈ ಎಂಬ ಪೈಥಾನ್ ಪ್ಯಾಕೇಜಿನಲ್ಲಿ ನಕ್ಷತ್ರ ಚಿಹ್ನೆ ಮಾತೃಕೆಗಳನ್ನು ಅಂಶಕ್ಕೆ ಅಂಶ ಗುಣಿಸುತ್ತದೆ. ಮಾತೃಕೆಯ ನಿಜವಾದ ಗುಣಾಕಾರಕ್ಕೆ ಇ-ಮೇಲ್ ವಿಳಾಸದಲ್ಲಿ ಬರುವ ಅಟ್ ಚಿಹ್ನೆ ಬೇಕು. ಮಾತೃಕೆಯನ್ನು ಮೊದಲೇ ಸಮ್ಮಿಶ್ರ ಸಂಖ್ಯೆಗಳ ಮಾತೃಕೆ ಎಂದು ಘೋಷಿಸದಿದ್ದರೆ ಊಹಾಭಾಗವನ್ನು ತುಂಬುವಾಗ ದೋಷವೋ ಎಚ್ಚರಿಕೆಯೋ ಬರುತ್ತದೆ, ಅದನ್ನು ಕಡೆಗಣಿಸಬಾರದು.

ಎಂಟನೆಯ ಹೆಜ್ಜೆ: ಮಾದರಿ ಎಲ್ಲಿ ನಿಲ್ಲುತ್ತದೆ ಎಂದು ಗುರುತಿಸುವುದು

ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 43 ಡಿಗ್ರಿ ಮುಟ್ಟಿದಾಗ, ಅಂದರೆ 316 ಕೆಲ್ವಿನ್‌ನಲ್ಲಿ, ಉಷ್ಣಶಕ್ತಿಯ ಅಳತೆ ಸುಮಾರು 27 ಮಿಲಿ ಎಲೆಕ್ಟ್ರಾನ್ ವೋಲ್ಟ್. ನಮ್ಮ ಟಿ ಒಂದು ಎಲೆಕ್ಟ್ರಾನ್ ವೋಲ್ಟಿನ ಅಂತರದಲ್ಲಿ ನಿಧಾನವಾಗಿ ಬದಲಾಗುವುದರಿಂದ ಈ ಮಾದರಿಯ ಉತ್ತರಗಳನ್ನು ಶಾಖ ಹೆಚ್ಚು ಕದಲಿಸುವುದಿಲ್ಲ. ಆದರೆ 1 ಟೆಸ್ಲಾ ಕ್ಷೇತ್ರ ಎಲೆಕ್ಟ್ರಾನಿನ ಎರಡು ಸ್ಪಿನ್ ಮಟ್ಟಗಳನ್ನು ಬೇರ್ಪಡಿಸುವುದು ಕೇವಲ 0.116 ಮಿಲಿ ಎಲೆಕ್ಟ್ರಾನ್ ವೋಲ್ಟ್. ದ್ರವ ಹೀಲಿಯಂ ಕುದಿಯುವ 4.2 ಕೆಲ್ವಿನ್‌ನಲ್ಲೂ ಉಷ್ಣಶಕ್ತಿ 0.36. ಒಂಟಿ ಪರಮಾಣುವಿನ ಕಾಂತತ್ವ ಶಾಖಕ್ಕೆ ಅತ್ತಿತ್ತ ಮಗುಚದಂತೆ ಹಿಡಿಯಲು ಏಕೆ ಅಷ್ಟು ತಣ್ಣಗಾಗಬೇಕು ಎಂಬುದು ಈ ಅಂಕಿಗಳಲ್ಲೇ ಇದೆ. 2012ರಲ್ಲಿ ಐಬಿಎಂ ಸಂಶೋಧಕರು 12 ಕಬ್ಬಿಣದ ಪರಮಾಣುಗಳಲ್ಲಿ ಒಂದು ಬಿಟ್ ಮಾಹಿತಿ ಹಿಡಿದಿಟ್ಟದ್ದೂ ಇಂಥ ಕಡುಚಳಿಯಲ್ಲೇ.

ನಮ್ಮ ಲೆಕ್ಕದಲ್ಲಿ ಪರಮಾಣುವಿನ ಸ್ಪಿನ್ ಕದಲದ ಕಲ್ಲಿನಂತೆ ನಿಂತಿದೆ. ನಿಜದಲ್ಲಿ ದಾಟುವ ಎಲೆಕ್ಟ್ರಾನ್ ಅದರೊಂದಿಗೆ ಸ್ಪಿನ್ ವಿನಿಮಯ ಮಾಡಿಕೊಳ್ಳಬಲ್ಲದು. ಜುನ್ ಕೊಂಡೊ 1964ರಲ್ಲಿ ವಿವರಿಸಿದ, ಮತ್ತು 1998ರಲ್ಲಿ ಚಿನ್ನದ ಮೇಲ್ಮೈಯ ಒಂಟಿ ಕೋಬಾಲ್ಟ್ ಪರಮಾಣುವಿನಲ್ಲಿ ಸೂಕ್ಷ್ಮದರ್ಶಕದಿಂದ ಕಂಡ ಪರಿಣಾಮ ಆ ವಿನಿಮಯದ ಫಲ. ಒಂಟಿ ಎಲೆಕ್ಟ್ರಾನಿನ ಮಾತೃಕೆಯಲ್ಲಿ ಅದು ಎಂದಿಗೂ ಮೂಡುವುದಿಲ್ಲ.

ಪ್ರಯೋಗದ ಬದಿಯಲ್ಲೂ ಒಂದು ಬಲೆ ಇದೆ. ನಿಕಲ್ಲಿನ ಅತಿ ಸಣ್ಣ ಕೊಂಡಿಗಳಲ್ಲಿ ಅಪಾರ ಕಾಂತರೋಧ ಕಂಡಿತೆಂದು ಒಂದು ಕಾಲದಲ್ಲಿ ವರದಿಗಳು ಬಂದವು. ಕ್ಷೇತ್ರ ಬದಲಾದಾಗ ನಿಕಲ್ ತುಸು ಹಿಗ್ಗಿ ಕುಗ್ಗಿ ಕೊಂಡಿಯ ಆಕಾರವೇ ಬದಲಾಗುತ್ತದೆ, ಹಾಗೆ ಬದಲಾದ ರೋಧವನ್ನು ಸ್ಪಿನ್ ಪರಿಣಾಮವೆಂದು ಓದುವ ಅಪಾಯವಿದೆ ಎಂದು ನಂತರದ ಪರಿಶೀಲನೆ ತೋರಿಸಿತು. ಪರಮಾಣುವೊಂದು ತನ್ನ ಅಗಲದ ಚಿಕ್ಕ ಪಾಲಿನಷ್ಟು ಸರಿದರೂ ಜ ಬದಲಾಗುತ್ತದೆ. ಜ ಬದಲಾದರೆ ಏನಾಗುತ್ತದೆಂದು ಆರನೆಯ ಹೆಜ್ಜೆಯಲ್ಲಿ ನೋಡಿದ್ದೇವೆ.

ಒಂಬತ್ತನೆಯ ಹೆಜ್ಜೆ: ಶಕ್ತಿಯನ್ನು ಸರಿಸಿ, ನಡುವೆ ಒಂದು ಪರಮಾಣು ಸೇರಿಸಿ

ಇಷ್ಟಾದ ಮೇಲೆ ಉಚಿತವಾಗಿ ಸಿಗುವ ಕ್ವಾಂಟ್ ಎಂಬ ಪೈಥಾನ್ ಪ್ಯಾಕೇಜಿಗೆ ಹೋಗಬಹುದು. ಅದು ನೂರಾರು ಪರಮಾಣುಗಳ ಇದೇ ಲೆಕ್ಕವನ್ನು ಸಲೀಸಾಗಿ ಮಾಡುತ್ತದೆ. ಹೋಗುವ ಮೊದಲು ಈ ಒಂದು ಲೆಕ್ಕವನ್ನು ನೀವೇ ಬರೆದ ಪ್ರೋಗ್ರಾಂನಲ್ಲಿ ಮಾಡಿ, ನಂತರ ಪ್ಯಾಕೇಜಿನಲ್ಲಿ ತಾಳೆ ನೋಡಿ. ಎರಡು ಕಾಂತೀಯ ಪರಮಾಣುಗಳ ನಡುವೆ ಸ್ಥಾನಶಕ್ತಿ 0 ಇರುವ ಒಂದು ಸಾದಾ ಪರಮಾಣುವನ್ನು ಕೂರಿಸಿ, ಎಲ್ಲ ಜಿಗಿತಗಳನ್ನೂ 1 ಇಡಿ. ಶಕ್ತಿ 0ಯಲ್ಲಿ ಕಾಂತರೋಧ ಮತ್ತೆ ಶೇ. 20 ಬರುತ್ತದೆ, ನಡುವಿನ ಪರಮಾಣು ಇದ್ದರೂ ಇಲ್ಲದಿದ್ದರೂ ಒಂದೇ ಎನ್ನುವಂತೆ. ಈಗ ಶಕ್ತಿಯನ್ನು 1ಕ್ಕೆ ಸರಿಸಿ. ಸೆಲ್ಫ್-ಎನರ್ಜಿ (1 − ಐ√3) ÷ 2 ಆಗುತ್ತದೆ, ಗಾಮಾ √3. ಅಕ್ಕಪಕ್ಕದ ಜೋಡಿಗೆ ಒಂದೇ ದಿಕ್ಕಿನಲ್ಲಿ ಒಟ್ಟು ಟಿ 1.429, ಎದುರುಬದುರಿನಲ್ಲಿ 0.857, ಕಾಂತರೋಧ ಶೇ. 67. ನಡುವೆ ಸಾದಾ ಪರಮಾಣು ಇರುವ ಜೋಡಿಗೆ 1.077 ಮತ್ತು 0.857, ಕಾಂತರೋಧ ಶೇ. 26. ನಿಮ್ಮ ಪ್ರೋಗ್ರಾಂ ಈ ನಾಲ್ಕು ಅಂಕಿಗಳನ್ನು ಕೊಟ್ಟರೆ ಅದರ ಮಾತೃಕೆ, ಚಿಹ್ನೆ, ಗಾಮಾ ಎಲ್ಲವೂ ಸರಿಯಾಗಿವೆ. ಎದುರುಬದುರಿನ ಅಂಕಿ ಎರಡೂ ಕಡೆ 0.857 ಆಗಿರುವುದು ಏಕೆ ಎಂದು ತಿಳಿಯಲು, ಸ್ಥಾನಶಕ್ತಿ 0 ಇರುವ ‘ಕಾಂತೀಯ’ ಪರಮಾಣು ಆ ಸ್ಪಿನ್ನಿನ ಕಣ್ಣಿಗೆ ತಂತಿಯ ಸಾದಾ ಪರಮಾಣುವಿಗಿಂತ ಬೇರೆಯಾಗಿ ಕಾಣುತ್ತದೆಯೇ ಎಂದು ಒಮ್ಮೆ ಯೋಚಿಸಿ.